‘ಸರಕಾರಿ ಗೊಬ್ಬರ’ದ ಖಾಸಗಿ ಪೇಟೆ: ಕಮತಗಿಯ ಒಣಬೇಸಾಯದ ನೆಲೆಯಿಂದ ಒಂದು ವಿವೇಚನೆ

1. ಪೀಠಿಕೆ

ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ರಾಸಾಯನಿಕ ಗೊಬ್ಬರಕ್ಕೆ ಬಹುಕಾಲದಿಂದ ಸಲ್ಲುತ್ತ ಬಂದಿರುವ ಹೆಸರು ‘ಸರಕಾರಿ ಗೊಬ್ಬರ’. ಅದನ್ನು ತಯಾರಿಸುವ ಕಾರಖಾನೆ ಎಷ್ಟೋ ವೇಳೆ ಖಾಸಗಿಯವರದು. ರೈತನು ಕೊಳ್ಳುವ ಅಂಗಡಿಯೂ ಖಾಸಗಿಯವರದು. ಕೊಡುವ ಹಣವಂತೂ ಅವನ ಸ್ವಂತದ್ದು, ಇಲ್ಲವೇ ಸಾಲದ್ದು. ಆದರೂ ಹೆಸರು ಮಾತ್ರ ಸರಕಾರದ್ದಾಗಿ ಉಳಿದಿದೆ. ಜನರ ನುಡಿಯಲ್ಲಿ ನೆಲೆಗೊಂಡ ಈ ವಿಶೇಷಣವನ್ನು ಬರಿಯ ರೂಢಿಯೆಂದು ತಳ್ಳಿಹಾಕದೆ, ಇತಿಹಾಸದ ಒಂದು ಸಾಕ್ಷ್ಯವೆಂದು ಪರಿಗಣಿಸಿ, ಸರಕಾರದ ಧೋರಣೆಯು ಖಾಸಗಿ ಗೊಬ್ಬರದ ಪೇಟೆಯನ್ನು ಯಾವ ಬಗೆಯಲ್ಲಿ ರೂಪಿಸಿತೆಂಬುದನ್ನು ಈ ಲೇಖನದಲ್ಲಿ ವಿವೇಚಿಸಲು ಉದ್ದೇಶಿಸಿದ್ದೇವೆ.

ಇದಕ್ಕೆ ನಾವು ಆರಿಸಿಕೊಂಡಿರುವ ನೆಲೆ ಕಮತಗಿ. ಬಾಗಲಕೋಟೆಯಿಂದ ಹುನಗುಂದಕ್ಕೆ ಹೋಗುವ ಹಾದಿಯಲ್ಲಿ, ಮಲಪ್ರಭೆಗೆ ಸಮೀಪದಲ್ಲಿರುವ ಈ ಊರು ಕೈಮಗ್ಗದ ನೇಕಾರಿಕೆಗೆ ಹೆಸರಾದುದು. 1956ರವರೆಗೆ ಮುಂಬಯಿ ರಾಜ್ಯದ ವಿಜಾಪುರ ಜಿಲ್ಲೆಗೂ, ಆ ವರ್ಷದ ನವೆಂಬರ್ 1ರಿಂದ ವಿಶಾಲ ಮೈಸೂರು ರಾಜ್ಯಕ್ಕೂ, 1997ರಿಂದ ಬಾಗಲಕೋಟೆ ಜಿಲ್ಲೆಗೂ ಸೇರಿದ ಸೀಮೆಯಿದು. ಸುತ್ತಣ ಭೂಮಿ ಕೆಲವೆಡೆ ಎರೆ, ಕೆಲವೆಡೆ ಮಸಾರಿ. ವಾರ್ಷಿಕ ಮಳೆ ಸುಮಾರು 600 ಮಿಲಿಮೀಟರು, ಅದೂ ನಂಬುವಂಥದಲ್ಲ. ಗೊಬ್ಬರದ ಇತಿಹಾಸವನ್ನು ಬರೆಯುವವರು ಸಾಮಾನ್ಯವಾಗಿ ಕಾರಖಾನೆಯಿಂದಲೋ ನೀರಾವರಿ ಪ್ರದೇಶದಿಂದಲೋ ಆರಂಭಿಸುವರು. ಮಳೆಯನ್ನೇ ನೆಚ್ಚಿದ ಇಂಥ ಒಂದು ಊರಿನಿಂದ ನೋಡಿದಾಗ ಅದೇ ಇತಿಹಾಸದ ಬೇರೊಂದು ಮುಖ ಕಾಣುವುದೆಂಬುದು ನಮ್ಮ ಅಭಿಪ್ರಾಯ.

2. ಪೇಟೆಗೆ ಮುಂಚಿನ ಗೊಬ್ಬರ

ಗೊಬ್ಬರಕ್ಕೆ ಬೆಲೆ ಕಟ್ಟುವ ಪದ್ಧತಿ ರಾಸಾಯನಿಕ ಗೊಬ್ಬರದೊಡನೆ ಹುಟ್ಟಿದುದಲ್ಲ. ತಿಪ್ಪೆಯ ಗೊಬ್ಬರವು ಮನೆಯ ದನಗಳಿಂದ ದೊರೆಯುತ್ತಿದ್ದರೂ, ಕುರಿಗಾರರು ತಮ್ಮ ಹಿಂಡುಗಳನ್ನು ರಾತ್ರಿಯ ಹೊತ್ತು ಹೊಲದಲ್ಲಿ ತರುಬುವುದಕ್ಕೆ ಪ್ರತಿಯಾಗಿ ಕಾಳನ್ನೋ ಹಣವನ್ನೋ ಪಡೆಯುವ ವಾಡಿಕೆ ದಖ್ಖನಿನ ಬಯಲಿನಲ್ಲೆಲ್ಲ ಹಳೆಯದು. ಶೇಂಗಾ ಹಿಂಡಿಯನ್ನು ತೋಟಗಾರರು ಹಣ ಕೊಟ್ಟೇ ಕೊಳ್ಳುತ್ತಿದ್ದರು. ಆದರೆ ಈ ವ್ಯವಹಾರಗಳೆಲ್ಲ ಊರಿನ ಸುತ್ತಳತೆಯೊಳಗೆ, ಪರಸ್ಪರ ಪರಿಚಿತರ ನಡುವೆ ನಡೆಯುವಂಥವು. ಅವುಗಳ ಬೆಲೆಯನ್ನು ದೂರದ ಯಾವ ಕಚೇರಿಯೂ ಗೊತ್ತುಪಡಿಸುತ್ತಿರಲಿಲ್ಲ.

1933ರಿಂದ ಮುಂದಕ್ಕೆ ಸೋಲಾಪುರ, ವಿಜಾಪುರ, ಹಗರಿ, ರಾಯಚೂರು ಮತ್ತು ರೋಹತಕಗಳಲ್ಲಿ ಒಣಬೇಸಾಯದ ಸಂಶೋಧನ ಕೇಂದ್ರಗಳು ತೆರೆದವು. ಈ ಸಂಶೋಧನೆಯ ಫಲವಾಗಿ ‘ಮುಂಬಯಿ ಪದ್ಧತಿ’ ಎಂಬ ಹೆಸರಿನಿಂದ ಪ್ರಚಾರಕ್ಕೆ ಬಂದ ಸೂತ್ರಗಳಲ್ಲಿ ಒಡ್ಡು ಹಾಕುವುದು, ಕೆಲವು ವರ್ಷಕ್ಕೊಮ್ಮೆ ಆಳವಾಗಿ ಉಳುವುದು, ವಿರಳವಾಗಿ ಬಿತ್ತುವುದು, ಮೇಲಿಂದ ಮೇಲೆ ಎಡೆ ಹೊಡೆಯುವುದು, ತಿಪ್ಪೆಯ ಗೊಬ್ಬರವನ್ನು ಹಾಕುವುದು ಮುಖ್ಯವಾದವು. ಈ ಸೀಮೆಯಲ್ಲಿ ಬೆಳೆಯ ಮಿತಿಯನ್ನು ಮೊದಲು ನಿರ್ಣಯಿಸುವುದು ಭೂಮಿಯ ತೇವವೆಂಬ ತಿಳಿವು ಆ ಸೂತ್ರಗಳ ತಳಹದಿ. ಈ ಮಾತನ್ನು ಓದುಗರು ನೆನಪಿನಲ್ಲಿಡಬೇಕೆಂದು ಕೋರುತ್ತೇವೆ. ಮುಂದೆ ರೂಪುಗೊಂಡ ಗೊಬ್ಬರದ ಧೋರಣೆಗಳಲ್ಲಿ ಈ ತಿಳಿವಿಗೆ ಸಿಕ್ಕ ಸ್ಥಾನ ಅಲ್ಪವೆಂಬುದು ನಮ್ಮ ವಾದದ ಒಂದು ಅಂಗ.

3. ಸರಕಾರವೇ ವರ್ತಕನಾದ ಕಾಲ: 1944–1966

ಭಾರತದಲ್ಲಿ ಗೊಬ್ಬರದ ಕೈಗಾರಿಕೆಯು ಖಾಸಗಿ ಯತ್ನದಿಂದಲೇ ಮೊದಲಾಯಿತು. 1906ರಲ್ಲಿ ರಾಣಿಪೇಟೆಯಲ್ಲಿ ಸೂಪರ್ ಫಾಸ್ಫೇಟಿನ ತಯಾರಿಕೆ ನಡೆಯಿತು. 1930ರ ದಶಕದ ಉತ್ತರಾರ್ಧದಲ್ಲಿ ಮೈಸೂರಿನ ಬಳಿಯ ಬೆಳಗೊಳದಲ್ಲಿ ಅಮೋನಿಯಂ ಸಲ್ಫೇಟಿನ ಕಾರಖಾನೆ ಸ್ಥಾಪಿತವಾಯಿತು. ಆದರೆ ಇವುಗಳ ಗಿರಾಕಿಗಳು ಬಹುಮಟ್ಟಿಗೆ ಕಾಫಿ, ಚಹ, ಕಬ್ಬುಗಳನ್ನು ಬೆಳೆಯುವವರು. ಜೋಳದ ಹೊಲಕ್ಕೂ ಈ ಸರಕಿಗೂ ಸಂಬಂಧವಿರಲಿಲ್ಲ.

ಎರಡನೆಯ ಮಹಾಯುದ್ಧದ ಆಹಾರದ ಮುಗ್ಗಟ್ಟು ಈ ಸ್ಥಿತಿಯನ್ನು ಬದಲಾಯಿಸಿತು. 1944ರಲ್ಲಿ ಭಾರತ ಸರಕಾರವು ಕೇಂದ್ರ ಗೊಬ್ಬರ ಸಂಚಯವನ್ನು ಸ್ಥಾಪಿಸಿ, ದೇಶದಲ್ಲಿ ತಯಾರಾದ ಮತ್ತು ಹೊರಗಿನಿಂದ ತರಿಸಿದ ಗೊಬ್ಬರವನ್ನು ಒಂದೆಡೆ ಸೇರಿಸಿ, ಏಕರೂಪದ ಬೆಲೆಗೆ ಪ್ರಾಂತಗಳಿಗೆ ಹಂಚತೊಡಗಿತು. ಅದಕ್ಕೆ ಒಂದು ವರ್ಷ ಮೊದಲು, 1943ರಲ್ಲಿ, ಹತ್ತಿಯ ಬಟ್ಟೆ ಮತ್ತು ನೂಲಿನ ನಿಯಂತ್ರಣಾಜ್ಞೆ ಹೊರಟಿತ್ತು. ಮಗ್ಗಕ್ಕೆ ಬೇಕಾದ ನೂಲು, ಹೊಲಕ್ಕೆ ಬೇಕಾದ ಗೊಬ್ಬರ, ಇವೆರಡೂ ಹೆಚ್ಚು ಕಡಿಮೆ ಒಂದೇ ಕಾಲಕ್ಕೆ ಸರಕಾರದ ಹತೋಟಿಯ ವಸ್ತುಗಳಾದುವೆಂಬುದು ಕಮತಗಿಯಂಥ ನೇಕಾರ–ಒಕ್ಕಲು ಊರಿನ ಮಟ್ಟಿಗೆ ಗಮನಾರ್ಹವಾದ ಸಂಗತಿ. ಆದರೆ ನೂಲಿಗೆ ಹಳೆಯ ಪೇಟೆಯೊಂದಿತ್ತು. ಸರಕಾರ ಅದರ ಮೇಲೆ ಕೈಯಿಟ್ಟಿತು. ಜೋಳ ಬೆಳೆಯುವ ರೈತನಿಗೆ ರಾಸಾಯನಿಕ ಗೊಬ್ಬರದ ಪೇಟೆಯೇ ಇರಲಿಲ್ಲ. ಸರಕು ಮೊದಲು ಬಂದುದೇ ಸರಕಾರದ ಕೈಯಿಂದ. ‘ಸರಕಾರಿ ಗೊಬ್ಬರ’ ಎಂಬ ಹೆಸರಿನ ಅರ್ಥ ಇಲ್ಲಿ ಸ್ಪಷ್ಟವಾಗುವುದು.

ಆಳುವಾಯಿಯ ಕಾರಖಾನೆ 1947ರಲ್ಲಿ, ಸಿಂದ್ರಿಯದು 1951ರಲ್ಲಿ ಉತ್ಪಾದನೆಗೆ ತೊಡಗಿದವು. ಹಂಚಿಕೆ ಕೃಷಿ ಇಲಾಖೆ ಮತ್ತು ಸಹಕಾರಿ ಸಂಘಗಳ ಮೂಲಕ ನಡೆಯಿತು. 1905ರಲ್ಲಿಯೇ ಗದಗಿನ ಬಳಿಯ ಕಣಗಿನಹಾಳದಲ್ಲಿ ಕೃಷಿ ಸಹಕಾರಿ ಸಂಘವನ್ನು ಕಟ್ಟಿದ್ದ ಮುಂಬಯಿ ಕರ್ನಾಟಕದಲ್ಲಿ ಈ ದಾರಿ ಹೊಸದಾಗಿರಲಿಲ್ಲ. 1955ರ ಅವಶ್ಯಕ ವಸ್ತುಗಳ ಅಧಿನಿಯಮದ ಮೇರೆಗೆ 1957ರಲ್ಲಿ ಗೊಬ್ಬರ ನಿಯಂತ್ರಣಾಜ್ಞೆ ಜಾರಿಗೆ ಬಂದಿತು. ಮಾರುವವನು ನೋಂದಣಿ ಪಡೆಯಬೇಕು, ಗೊಬ್ಬರದ ಗುಣಮಟ್ಟ ಗೊತ್ತಾದ ಪ್ರಮಾಣದಲ್ಲಿರಬೇಕು, ಬೆಲೆಯನ್ನು ಸರಕಾರವು ಗೊತ್ತುಪಡಿಸಬಹುದು ಎಂಬ ಮೂರು ಕಟ್ಟುಗಳು ಆಗ ಬಿಗಿದವು. ಹೊಸ ರಾಜ್ಯಕ್ಕೆ ಸೇರಿ ವರ್ಷ ಕಳೆಯುವುದರೊಳಗೇ ಕಮತಗಿಯ ಸೀಮೆಗೂ ಈ ಕಟ್ಟುಗಳು ಬಂದುವು. ಖಾಸಗಿ ಅಂಗಡಿ ಬರುವುದಕ್ಕೆ ಮುಂಚೆಯೇ ಅಂಗಡಿಯ ನಿಯಮ ಬಂದಿತ್ತೆಂದು ಹೇಳಿದರೆ ತಪ್ಪಾಗಲಾರದು.

4. ಅಂಗಡಿಯ ಆಗಮನ: 1966–1977

1965ರಲ್ಲಿ ಬಿ. ಶಿವರಾಮನ್ ಅವರ ಅಧ್ಯಕ್ಷತೆಯ ಗೊಬ್ಬರ ಸಮಿತಿಯು ವರದಿಯನ್ನೊಪ್ಪಿಸಿತು. ಹೆಚ್ಚು ಇಳುವರಿಯ ತಳಿಗಳು ಬಳಕೆಗೆ ಬರುತ್ತಿದ್ದ ಆ ಸಂದರ್ಭದಲ್ಲಿ ಇಲಾಖೆಯ ಉಗ್ರಾಣಗಳಿಂದಲೇ ಇಷ್ಟು ದೊಡ್ಡ ಹಂಚಿಕೆಯನ್ನು ನಿರ್ವಹಿಸುವುದು ಸಾಧ್ಯವಿರಲಿಲ್ಲ. 1966ರಿಂದ ತಯಾರಕರಿಗೆ ತಮ್ಮ ಉತ್ಪನ್ನದ ಒಂದು ಭಾಗವನ್ನು ತಾವೇ ಮಾರುವ ಸ್ವಾತಂತ್ರ್ಯ ಹಂತಹಂತವಾಗಿ ದೊರೆತು, 1969ರ ಹೊತ್ತಿಗೆ ಪೂರ್ಣವಾಯಿತು. ಹಳ್ಳಿಯ ಪೇಟೆಗಳಲ್ಲಿ ಗೊಬ್ಬರದ ಖಾಸಗಿ ಅಂಗಡಿಯು ವ್ಯಾಪಕವಾಗಿ ನೆಲೆಯೂರಿದುದು ಈ ನಿರ್ಣಯದ ಫಲ.

ಅಂಗಡಿಗೆ ಗಿರಾಕಿಯನ್ನು ಒದಗಿಸಿದುದೂ ಬಹುಮಟ್ಟಿಗೆ ಸಾರ್ವಜನಿಕ ಸಂಶೋಧನೆಯೇ. 1964ರ ಸಿ.ಎಸ್.ಎಚ್.–1 ಮಿಶ್ರತಳಿ ಜೋಳ, 1972ರಲ್ಲಿ ಧಾರವಾಡದಲ್ಲಿ ಡಾ. ಬಿ. ಎಚ್. ಕಾತರಕಿಯವರು ರೂಪಿಸಿದ ವರಲಕ್ಷ್ಮಿ ಹತ್ತಿ, ಇವು ಗೊಬ್ಬರವನ್ನು ಬೇಡುವ ಬೆಳೆಗಳು. ಪೂರೈಕೆಯ ಕಡೆಯಿಂದ 1973ರಲ್ಲಿ ಗೋವೆಯ ಜುವಾರಿ ಕಾರಖಾನೆಯೂ, 1976ರಲ್ಲಿ ಮಂಗಳೂರಿನ ಬಳಿಯ ಪಣಂಬೂರಿನ ಕಾರಖಾನೆಯೂ ಉತ್ಪಾದನೆಯನ್ನು ಆರಂಭಿಸಿದವು. ಕಮತಗಿಗೆ ರೈಲಿಲ್ಲ, ಗದಗ–ಸೋಲಾಪುರ ಮಾರ್ಗದ ಬಾಗಲಕೋಟೆಯೇ ಹತ್ತಿರದ ನಿಲ್ದಾಣ. ಅಲ್ಲಿಂದ ಮುಂದಿನ ಸಾಗಣೆ ಚಕ್ಕಡಿ ಮತ್ತು ಲಾರಿಗಳ ಪಾಲಿಗೆ.

ಆದರೆ ಈ ಸ್ವಾತಂತ್ರ್ಯ ಅಲ್ಪಾಯುವಾಯಿತು. 1973ರಲ್ಲಿ ಗೊಬ್ಬರ ದುರ್ಲಭವಾದೊಡನೆ ಸಾಗಣೆ ನಿಯಂತ್ರಣಾಜ್ಞೆ ಹೊರಟು, ಯಾವ ರಾಜ್ಯಕ್ಕೆ ಎಷ್ಟು ಸರಕು ಹೋಗಬೇಕೆಂಬುದನ್ನು ಕೇಂದ್ರವೇ ನಿರ್ಧರಿಸತೊಡಗಿತು. 1974ರ ಜೂನ್ 1ರಂದು ಯೂರಿಯದ ಬೆಲೆ ಟನ್ನಿಗೆ 2,000 ರೂಪಾಯಿಗೆ ಏರಿತು. ಅದಕ್ಕೆ ಮುಂಚೆ ಇದ್ದುದು 1,050 ರೂಪಾಯಿ. ಅಂಗಡಿ ಖಾಸಗಿಯಾಗಿಯೇ ಉಳಿಯಿತು. ಅಂಗಡಿಗೆ ಬರುವ ಸರಕಿನ ಮೊತ್ತ, ಬರುವ ದಾರಿ, ಮಾರುವ ಬೆಲೆ ಇವು ಮೂರೂ ಮರಳಿ ಸರಕಾರದವಾದುವು.

5. ಗೊತ್ತಾದ ಬೆಲೆ, ಅರ್ಧ ಬಿಡುಗಡೆ: 1977–2010

1977ರ ನವೆಂಬರ್ 1ರಿಂದ ಮರಾಠೆ ಸಮಿತಿಯ ಸಲಹೆಯಂತೆ ಧಾರಣ ಬೆಲೆಯ ಯೋಜನೆ ಆಚರಣೆಗೆ ಬಂದಿತು. ಪ್ರತಿಯೊಂದು ಕಾರಖಾನೆಯ ಖರ್ಚನ್ನು ಪ್ರತ್ಯೇಕವಾಗಿ ಲೆಕ್ಕಹಾಕಿ, ಬಂಡವಾಳದ ಮೇಲೆ ತೆರಿಗೆ ಕಳೆದು ನೂರಕ್ಕೆ 12ರ ಪ್ರತಿಫಲ ದೊರೆಯುವಂತೆ ಬೆಲೆಯನ್ನು ಗೊತ್ತುಮಾಡಿ, ರೈತನು ಕೊಡುವ ಬೆಲೆಗೂ ಅದಕ್ಕೂ ಇರುವ ಅಂತರವನ್ನು ಸರಕಾರವು ತಯಾರಕನಿಗೆ ತುಂಬಿಕೊಡುವುದೇ ಈ ಯೋಜನೆಯ ಸ್ವರೂಪ. ಇದರಿಂದ ಕಾರಖಾನೆಗಳು ಹೆಚ್ಚಿದುವು, ದೇಶದ ಉತ್ಪಾದನೆ ಬೆಳೆಯಿತು, ಬೆಲೆ ಬಹುಕಾಲ ಸ್ಥಿರವಾಗಿತ್ತು. ಈ ಲಾಭಗಳನ್ನು ಅಲ್ಲಗಳೆಯುವಂತಿಲ್ಲ. ಆದರೆ ಬೆಲೆಯಲ್ಲಿ ಸ್ಪರ್ಧಿಸುವ ಅವಕಾಶ ಕಂಪನಿಗಾಗಲಿ ಅಂಗಡಿಕಾರನಿಗಾಗಲಿ ಉಳಿಯಲಿಲ್ಲವೆಂಬುದೂ ಅಷ್ಟೇ ನಿಜ.

1991ರ ಆರ್ಥಿಕ ಮುಗ್ಗಟ್ಟಿನ ತರುವಾಯ, ಸಂಸತ್ತಿನ ಜಂಟಿ ಸಮಿತಿಯೊಂದರ ವರದಿಯ ಬೆನ್ನಿಗೆ, 1992ರ ಆಗಸ್ಟ್ 25ರಂದು ರಂಜಕ ಮತ್ತು ಪೊಟ್ಯಾಷ್ ಗೊಬ್ಬರಗಳ ಮೇಲಿನ ಬೆಲೆಯ ನಿಯಂತ್ರಣವನ್ನು ತೆಗೆದುಹಾಕಲಾಯಿತು. ಯೂರಿಯದ ನಿಯಂತ್ರಣ ಮಾತ್ರ ಮುಂದುವರಿದು, ಅದರ ಬೆಲೆಯನ್ನು ನೂರಕ್ಕೆ ಹತ್ತರಷ್ಟು ಇಳಿಸಲಾಯಿತು. ಒಂದೇ ದಿನ ಒಂದು ಕಡೆ ಬಿಡುಗಡೆ, ಇನ್ನೊಂದು ಕಡೆ ಇಳಿಕೆ. ಅದರ ಪರಿಣಾಮ ಅಂಕಿಗಳಲ್ಲಿ ಕೂಡಲೇ ಕಂಡಿತು. 1991–92ರಲ್ಲಿ ದೇಶದಲ್ಲಿ ಬಳಸಿದ ಸಾರಜನಕ, ರಂಜಕ, ಪೊಟ್ಯಾಷ್‌ಗಳ ಪ್ರಮಾಣ 5.9 : 2.4 : 1 ಇದ್ದುದು 1992–93ರಲ್ಲಿ 9.5 : 3.2 : 1 ಆಯಿತು. ಮುಂದೆ ರಿಯಾಯಿತಿಗಳನ್ನು ಕೊಟ್ಟು ಈ ಅಸಮತೆಯನ್ನು ತಗ್ಗಿಸಿದರೂ, 2010ರ ಏಪ್ರಿಲ್ 1ರಂದು ಪೋಷಕಾಂಶ ಆಧಾರಿತ ಸಹಾಯಧನದ ಯೋಜನೆ ಬಂದಾಗ ಅದೇ ಕಥೆ ಮರುಕಳಿಸಿತು. ಯೂರಿಯವು ಯೋಜನೆಯ ಹೊರಗುಳಿಯಿತು. ಟನ್ನಿಗೆ 9,350 ರೂಪಾಯಿ ಇದ್ದ ಡಿ.ಎ.ಪಿ. ಎರಡು ಮೂರು ವರ್ಷಗಳಲ್ಲಿ 24,000 ರೂಪಾಯಿಯ ಆಸುಪಾಸಿಗೆ ಏರಿತು. ಯೂರಿಯ 5,360 ರೂಪಾಯಿಯಲ್ಲಿಯೇ ನಿಂತಿತು. 2009–10ರಲ್ಲಿ 4.3 : 2 : 1 ಇದ್ದ ಬಳಕೆಯ ಪ್ರಮಾಣ 2012–13ರಲ್ಲಿ 8.2 : 3.2 : 1 ಆಯಿತು.

ಈ ಅಂಕಿಗಳನ್ನು ಭೂಮಿಯ ಆರೋಗ್ಯದ ದೃಷ್ಟಿಯಿಂದ ಅನೇಕರು ಚರ್ಚಿಸಿದ್ದಾರೆ. ಕಮತಗಿಯ ಎರೆ ಹೊಲದಿಂದ ನೋಡಿದರೆ ಅವುಗಳಲ್ಲಿ ಇನ್ನೊಂದು ಅರ್ಥವಿದೆ. ಹಿಂಗಾರಿಯ ಬಿಳಿಜೋಳ, ಕಡಲೆ, ಕುಸುಬೆಗಳನ್ನು ಬಿತ್ತುವುದು ಮಳೆಗಾಲದ ಕೊನೆಯಲ್ಲಿ, ಭೂಮಿಯಲ್ಲಿ ನಿಂತ ತೇವವನ್ನು ನೆಚ್ಚಿ. ಗೊಬ್ಬರವನ್ನು ಹಾಕುವುದಿದ್ದರೆ ಬಿತ್ತಿಗೆಯ ಹೊತ್ತಿನಲ್ಲಿ ಕೂರಿಗೆಯ ಸಾಲಿನಲ್ಲಿಯೇ, ತೇವದ ಮಣ್ಣಿಗೆ ತಾಕುವಂತೆ ಹಾಕಬೇಕು. ಆ ಹೊತ್ತಿಗೆ ಒಪ್ಪುವುದು ಸಾರಜನಕದೊಡನೆ ರಂಜಕವನ್ನೂ ಹೊಂದಿದ ಡಿ.ಎ.ಪಿ.ಯಂಥ ಗೊಬ್ಬರ. ಬೆಳೆ ಎದ್ದ ಮೇಲೆ ಮೇಲುಗೊಬ್ಬರವಾಗಿ ಯೂರಿಯವನ್ನು ಎರಚಬೇಕಾದರೆ ನೀರು ಬೇಕು. ಕಾಲುವೆಯ ಕೆಳಗಿನವರಿಗೆ ಅದುಂಟು, ಎರೆಯವನಿಗೆ ಇಲ್ಲ. ಆದುದರಿಂದ ಯೂರಿಯವನ್ನು ಅಗ್ಗವಾಗಿಟ್ಟು ರಂಜಕವನ್ನು ಪೇಟೆಗೆ ಬಿಟ್ಟ ಧೋರಣೆಯು, ಉದ್ದೇಶವೇನೇ ಇರಲಿ, ಪರಿಣಾಮದಲ್ಲಿ ನೀರುಳ್ಳವನ ಗೊಬ್ಬರವನ್ನು ಕಾಪಾಡಿ, ನೀರಿಲ್ಲದವನ ಗೊಬ್ಬರವನ್ನು ತೈಲ ಮತ್ತು ರೂಪಾಯಿಯ ಏರಿಳಿತಗಳಿಗೆ ಒಡ್ಡಿತು. ಸರಕಾರದ ಕಾಗದಗಳಲ್ಲಿ ಎಲ್ಲಿಯೂ ನೀರಾವರಿ, ಒಣಬೇಸಾಯ ಎಂಬ ಭೇದವಿಲ್ಲ. ಭೇದವು ಬೆಲೆಯೊಳಗೇ ಅಡಗಿತ್ತು.

6. ಅಂಗಡಿಕಾರನ ಲೆಕ್ಕ

ಇನ್ನು ಅಂಗಡಿಯ ಒಳಗನ್ನು ನೋಡೋಣ. 2018ರಲ್ಲಿ ಯೂರಿಯದ ಚೀಲವನ್ನು 50 ಕಿಲೋಗ್ರಾಮಿನಿಂದ 45ಕ್ಕೆ ಇಳಿಸಲಾಯಿತು. ಅದರ ಗರಿಷ್ಠ ಬೆಲೆ ಸುಮಾರು 266 ರೂಪಾಯಿ 50 ಪೈಸೆ. ಮಾರಾಟಗಾರರ ಲಾಭಾಂಶವನ್ನು ಅದೇ ವರ್ಷದ ಏಪ್ರಿಲಿನಿಂದ ಟನ್ನಿಗೆ 354 ರೂಪಾಯಿಯೆಂದು ಗೊತ್ತುಪಡಿಸಲಾಯಿತು. ಅಂದರೆ ಒಂದು ಚೀಲಕ್ಕೆ ದೊರೆಯುವುದು ಸುಮಾರು 16 ರೂಪಾಯಿ. ನಿಲ್ದಾಣದಿಂದ ತರುವ ಬಾಡಿಗೆಯ ಉಳಿಕೆ, ಹಮಾಲಿ, ಅಂಗಡಿಯ ಬಾಡಿಗೆ, ಹರಿದ ಚೀಲದ ನಷ್ಟ ಎಲ್ಲವೂ ಇದರೊಳಗೇ ಆಗಬೇಕು.

ಈ ಸೀಮೆಯ ರೈತನು ಕೊಳ್ಳುವುದಾದರೋ ಬಹುಮಟ್ಟಿಗೆ ಉದ್ರಿಯಲ್ಲಿ. ಸುಗ್ಗಿಯಾದ ಮೇಲೆ ತೀರಿಸುವುದು ವಾಡಿಕೆ. ಹಿಂಗಾರಿಯ ಬಿತ್ತಿಗೆಯಿಂದ ಸುಗ್ಗಿ ಮುಗಿದು ಕಾಳು ಮಾರುವವರೆಗೆ ಆರು ತಿಂಗಳು ಹಿಡಿಯುವುದು. ವರ್ಷಕ್ಕೆ ನೂರಕ್ಕೆ 12ರಂತೆ ಬಡ್ಡಿಯನ್ನು ಲೆಕ್ಕಹಾಕಿದರೆ, ಒಂದು ಚೀಲ ಯೂರಿಯದ ಆರು ತಿಂಗಳ ಬಡ್ಡಿ 16 ರೂಪಾಯಿ. ಸರಕಾರವು ಗೊತ್ತುಪಡಿಸಿದ ಇಡೀ ಲಾಭಾಂಶಕ್ಕೆ ಇದು ಸಮ. ಗೊತ್ತಾದ ಬೆಲೆಗೆ, ಉದ್ರಿಯಲ್ಲಿ, ಕಾನೂನಿನಂತೆ ಮಾರುವ ಅಂಗಡಿಕಾರನಿಗೆ ಕೊನೆಗೆ ಏನೂ ಉಳಿಯದೆಂಬುದು ಈ ಸರಳ ಗಣಿತದಿಂದ ಸಿದ್ಧವಾಗುವುದು.

ಹೀಗಿದ್ದೂ ಅಂಗಡಿಗಳು ಮುಚ್ಚಿಲ್ಲ. ಏಕೆಂದರೆ ವ್ಯಾಪಾರವು ಬೆಲೆ ಗೊತ್ತಾಗಿರದ ಕಡೆಗೆ ಹರಿಯುವುದು. ಬೀಜ ಮತ್ತು ಕ್ರಿಮಿನಾಶಕಗಳ ಲಾಭದಿಂದ ಗೊಬ್ಬರದ ಕೊರೆಯನ್ನು ತುಂಬಿಕೊಳ್ಳುವುದು ಒಂದು ದಾರಿ. ಬೇಡಿಕೆಯಿರುವ ಚೀಲದೊಡನೆ ಬೇಡದ ಸರಕನ್ನು ಕೊಳ್ಳಲೇಬೇಕೆಂದು ಕಟ್ಟುಮಾಡುವುದು ಎರಡನೆಯ ದಾರಿ; ರೈತರು ಇದನ್ನು ‘ಲಿಂಕ್’ ಎಂದು ಕರೆಯುವರು. ಈ ಒತ್ತಡ ಮೇಲಿನ ಹಂತದಿಂದ ಅಂಗಡಿಕಾರನ ಮೇಲೂ ಬೀಳುವುದುಂಟು. ಉದ್ರಿ ಕೊಟ್ಟು, ಬೆಳೆದ ಕಾಳನ್ನು ಗೊತ್ತಾದ ದಲಾಲಿ ಅಂಗಡಿಗೇ ಹಾಕಬೇಕೆಂಬ ಕರಾರು ಮೂರನೆಯದು. ಇವುಗಳಲ್ಲಿ ಎರಡನೆಯದು ನಿಷಿದ್ಧ. ಆದರೆ ಇವನ್ನು ಬರಿಯ ವ್ಯಾಪಾರಿಯ ದುರಾಶೆಯೆಂದು ವಿವರಿಸಿ ಸುಮ್ಮನಾದರೆ ಇತಿಹಾಸಕಾರನ ಕೆಲಸ ಮುಗಿದಂತಾಗದು. ಬೆಲೆಯ ಒಂದು ಬಾಗಿಲನ್ನು ಮುಚ್ಚಿದಾಗ ವ್ಯಾಪಾರವು ಯಾವ ಕಿಟಕಿಯಿಂದ ಹೊರಬೀಳುವುದೆಂಬುದನ್ನು ಧೋರಣೆಯೇ ನಿರ್ಣಯಿಸಿತು.

2018ರ ಮಾರ್ಚಿನ ಹೊತ್ತಿಗೆ ದೇಶದಾದ್ಯಂತ ಹೊಸ ಪದ್ಧತಿಯೊಂದು ಬಂದಿತು. ರೈತನು ಅಂಗಡಿಯ ಯಂತ್ರದ ಮೇಲೆ ಬೆರಳೊತ್ತಿ ಕೊಂಡ ಮೇಲೆಯೇ ಕಂಪನಿಗೆ ಸಹಾಯಧನ ಸಂದಾಯವಾಗುವುದು. ಮೊದಲು ಸರಕು ಜಿಲ್ಲೆಗೆ ತಲುಪಿದೊಡನೆ ಅದರ ಹೆಚ್ಚಿನ ಭಾಗ ಸಂದಾಯವಾಗುತ್ತಿತ್ತು. ಇದರಿಂದ ಹಳ್ಳಿಯ ಅಂಗಡಿಕಾರನು ಸರಕಾರದ ಲೆಕ್ಕಪತ್ರದ ಕೊನೆಯ ಗುಮಾಸ್ತನೂ ಆದನು. 2022ರ ಅಕ್ಟೋಬರಿನಿಂದ ಸಹಾಯಧನದ ಚೀಲಗಳೆಲ್ಲ ‘ಭಾರತ್’ ಎಂಬ ಒಂದೇ ಹೆಸರಿನಲ್ಲಿ ಬರಬೇಕೆಂದು ವಿಧಿಸಲಾಯಿತು. ಚೀಲದ ಮುಖದ ಮೂರರಲ್ಲಿ ಎರಡು ಪಾಲು ಆ ಹೆಸರಿಗೂ ಯೋಜನೆಯ ಚಿಹ್ನೆಗೂ ಮೀಸಲು. ಕಂಪನಿಯ ಹೆಸರಿಗೆ ಉಳಿದುದು ಒಂದು ಪಾಲು. ಹಳ್ಳಿಗರು ಎಷ್ಟೋ ಕಾಲ ಮೊದಲೇ ಇಟ್ಟ ಹೆಸರನ್ನು ಸರಕಾರವು ಈಗ ಚೀಲದ ಮೇಲೆ ಅಚ್ಚುಹಾಕಿಸಿದಂತಾಯಿತು.

7. ಕೊರತೆಯ ದಿನಗಳು

ಬೆಲೆ ಗೊತ್ತಾಗಿದ್ದು ಸರಕು ಸಾಲದಾದಾಗ ಹಂಚಿಕೆಯ ಸಾಧನವಾಗುವುದು ಪಾಳಿ. 2008ರ ಜೂನ್ 10ರಂದು ಹಾವೇರಿಯಲ್ಲಿ, ಮುಂಗಾರಿ ಬಿತ್ತಿಗೆಯ ಹೊತ್ತಿಗೆ ಗೊಬ್ಬರ ದೊರೆಯದೆ ಬೀದಿಗಿಳಿದ ರೈತರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಇಬ್ಬರು ರೈತರು ಪ್ರಾಣ ಕಳೆದುಕೊಂಡರು. ಅವರು ಬೇಡಿದುದು ಮುಖ್ಯವಾಗಿ ಡಿ.ಎ.ಪಿ.ಯನ್ನು. ಆ ವರ್ಷ ಜಗತ್ತಿನ ಪೇಟೆಯಲ್ಲಿ ಗೊಬ್ಬರದ ಬೆಲೆ ವಿಪರೀತವಾಗಿ ಏರಿತ್ತು. ದೇಶದೊಳಗಿನ ಬೆಲೆ ಏರಿರಲಿಲ್ಲ. ಏರದ ಬೆಲೆಯ ಭಾರವು ಕೊರತೆಯ ರೂಪದಲ್ಲಿ ಹೊಲಕ್ಕೆ ಇಳಿದಿತ್ತು. 2025ರ ಮುಂಗಾರಿಯಲ್ಲಿ ಯೂರಿಯಕ್ಕಾಗಿ ಕೊಪ್ಪಳ ಮೊದಲಾದ ಜಿಲ್ಲೆಗಳಲ್ಲಿ ರೈತರು ಪಾಳಿ ನಿಂತುದು ಇದೇ ಬಗೆಯ ಸಂಗತಿ. ಬಿತ್ತುವವನಿಗೆ ಕಾಲಾವಕಾಶ ಕೆಲವೇ ದಿನಗಳದು. ತೇವ ಆರಿದ ಮೇಲೆ ಬಂದ ಚೀಲವು ಅಗ್ಗವಾಗಿದ್ದರೂ ಅವನಿಗೆ ನಿಷ್ಪ್ರಯೋಜಕ. ಧೋರಣೆಯು ಬೆಲೆಯನ್ನು ಕಾಯ್ದಿತು, ಹದವನ್ನು ಕಾಯಲಿಲ್ಲ.

ಹೊರಗಿನ ದೇಶಗಳ ಅನುಭವವೂ ಈ ವಿಷಯದಲ್ಲಿ ಬೋಧಪ್ರದವಾಗಿದೆ. ಬಾಂಗ್ಲಾದೇಶವು 1980ರ ದಶಕದ ಕೊನೆಯಿಂದ ಗೊಬ್ಬರದ ವ್ಯಾಪಾರವನ್ನು ಖಾಸಗಿಯವರಿಗೆ ಬಿಟ್ಟಿತು; 1995ರ ಯೂರಿಯದ ಕೊರತೆಯಲ್ಲಿ ಅಲ್ಲಿಯೂ ರೈತರು ಗುಂಡಿಗೆ ಬಲಿಯಾದರು; ಬಳಿಕ ಸರಕಾರವು ಗೊತ್ತಾದ ಮಾರಾಟಗಾರರ ಮೂಲಕ ಹಂಚುವ ಪದ್ಧತಿಗೆ ಮರಳಿತು. ಕೀನ್ಯಾ ದೇಶವು 1990ರ ದಶಕದ ಆರಂಭದಲ್ಲಿ ಬೆಲೆಯ ಮತ್ತು ಆಮದಿನ ನಿಯಂತ್ರಣಗಳನ್ನು ತೆಗೆದಾಗ ಹಳ್ಳಿಗಾಡಿನ ಅಂಗಡಿಗಳು ಹೆಚ್ಚಿ, ರೈತನು ಗೊಬ್ಬರಕ್ಕಾಗಿ ನಡೆಯಬೇಕಾದ ದೂರ ಕಡಿಮೆಯಾಯಿತು. ಮಲಾವಿಯು 2005–06ರಲ್ಲಿ ಚೀಟಿಗಳ ಮೂಲಕ ಸಹಾಯಧನವನ್ನು ಆರಂಭಿಸಿದಾಗ ಖಾಸಗಿ ಅಂಗಡಿಗಳನ್ನು ಹೊರಗಿಟ್ಟು, ಮರುವರ್ಷ ಒಳಗೆ ಕರೆದು, 2008–09ರಲ್ಲಿ ಮತ್ತೆ ಹೊರಗಿಟ್ಟಿತು. ಇಂಥ ಅನಿಶ್ಚಯದಲ್ಲಿ ಉಗ್ರಾಣ ಕಟ್ಟಲು ಯಾವ ವ್ಯಾಪಾರಿಯೂ ಧೈರ್ಯ ಮಾಡಲಾರ. ಕೀನ್ಯಾದ ಬಿಡುಗಡೆ ಅಂಗಡಿಯನ್ನು ಹತ್ತಿರ ತಂದಿತು, ಬಾಂಗ್ಲಾದೇಶದ್ದು ಕೊರತೆಯ ವರ್ಷದಲ್ಲಿ ಮುರಿದುಬಿದ್ದಿತು. ಆದುದರಿಂದ ನಿಯಂತ್ರಣವೋ ಬಿಡುಗಡೆಯೋ ಎಂಬ ಪ್ರಶ್ನೆಯೊಂದರಿಂದಲೇ ಈ ವಿಷಯವನ್ನು ಬಗೆಹರಿಸಲು ಬಾರದು.

8. ಉಪಸಂಹಾರ

ಮೇಲಣ ವಿವೇಚನೆಯಿಂದ ವ್ಯಕ್ತವಾಗುವ ಅಂಶಗಳನ್ನು ಸಂಕ್ಷೇಪವಾಗಿ ಹೇಳಬಹುದು. ಈ ಸೀಮೆಯಲ್ಲಿ ಗೊಬ್ಬರದ ಖಾಸಗಿ ಪೇಟೆಯು ಸರಕಾರಕ್ಕೆ ಎದುರಾಗಿ ತಾನೇ ಬೆಳೆದ ಸಂಸ್ಥೆಯಲ್ಲ. 1944ರ ಸಂಚಯ, 1957ರ ಆಜ್ಞೆ, 1966ರ ಸಡಿಲಿಕೆ, 1977ರ ಬೆಲೆ, 1992ರ ಅರ್ಧ ಬಿಡುಗಡೆ, ಇವು ಒಂದರ ಮೇಲೊಂದು ಕಟ್ಟಿದ ಕಟ್ಟಡ. ಅಂಗಡಿಕಾರನು ಏನನ್ನು ಇಡುವನು, ಯಾರಿಗೆ ಉದ್ರಿ ಕೊಡುವನು, ಯಾವುದರೊಡನೆ ಯಾವುದನ್ನು ಕಟ್ಟುವನು ಎಂಬುದರಲ್ಲಿಯೂ ಆ ಕಟ್ಟಡದ ಅಚ್ಚು ಕಾಣುವುದು. ಎರಡನೆಯದಾಗಿ, ಎಲ್ಲರಿಗೂ ಒಂದೇ ಬೆಲೆಯೆಂಬ ಸಮತೆಯು ನೀರಿರುವ ಭೂಮಿಗೂ ನೀರಿಲ್ಲದ ಭೂಮಿಗೂ ಒಂದೇ ಫಲವನ್ನು ಕೊಡಲಿಲ್ಲ. ಮೂರನೆಯದಾಗಿ, ಒಣಬೇಸಾಯದವನಿಗೆ ಬೆಲೆಯಷ್ಟೇ ಮುಖ್ಯವಾದ ಎರಡು ವಸ್ತುಗಳುಂಟು: ಹದಕ್ಕೆ ಸರಿಯಾಗಿ ಬರುವ ಸರಕು, ಸುಗ್ಗಿಯವರೆಗೆ ಕಾಯುವ ಸಾಲ. ಧೋರಣೆಗಳು ಇವೆರಡರಲ್ಲಿ ಮೊದಲನೆಯದನ್ನು ಆಡಳಿತದ ದಕ್ಷತೆಗೂ, ಎರಡನೆಯದನ್ನು ಬಹುಪಾಲು ಅಂಗಡಿಕಾರನ ಮರ್ಜಿಗೂ ಬಿಟ್ಟುಬಿಟ್ಟಿವೆ.

ತೇವವೇ ಈ ಭೂಮಿಯ ಮೊದಲ ಮಿತಿಯೆಂದು ತೊಂಬತ್ತು ವರ್ಷಗಳಿಗೂ ಹಿಂದೆ ವಿಜಾಪುರದ ಕೇಂದ್ರದಲ್ಲಿ ತೊಡಗಿದ ಕೆಲಸ ತೋರಿಸಿಕೊಟ್ಟಿತು. ಬಿತ್ತಿಗೆಗೆ ಮುಂಚಿತವಾಗಿ ಸೊಸಾಯಿಟಿ ಮತ್ತು ಅಂಗಡಿಗಳಲ್ಲಿ ರಂಜಕದ ಗೊಬ್ಬರದ ಸಂಗ್ರಹ, ಅಂಗಡಿಕಾರನಿಗೆ ಉದ್ರಿಯ ಖರ್ಚನ್ನು ತಾಳುವಷ್ಟು ಲಾಭಾಂಶ, ರೈತನಿಗೆ ಸಕಾಲದ ಸಹಕಾರಿ ಸಾಲ, ಈ ಮೂರನ್ನು ಆ ತಿಳಿವಿನ ಆಧಾರದ ಮೇಲೆ ಏರ್ಪಡಿಸುವುದು ಅಸಾಧ್ಯವಾದ ಕಾರ್ಯವಲ್ಲ. ಸರಕಾರವು ಗೊಬ್ಬರಕ್ಕಾಗಿ ಮಾಡುವ ವೆಚ್ಚ ಅಪಾರವಾದುದು. ಆ ವೆಚ್ಚವು ಕಮತಗಿಯ ಎರೆ ಹೊಲದ ಕೂರಿಗೆಯ ಸಾಲನ್ನು ಹದವಿದ್ದಾಗಲೇ ಮುಟ್ಟಿತೇ ಎಂಬುದರ ಮೇಲೆ ಅದರ ಸಾರ್ಥಕತೆಯನ್ನು ಅಳೆಯಬೇಕೆಂದು ನಾವು ಭಾವಿಸುತ್ತೇವೆ.